ಸೋಮವಾರದ ಮಂಚ

ಈಚೆಗೆ ನಮ್ಮ ಜಗುಲಿಗೆ ಬರುವವರಲ್ಲಿ ಅರ್ಧ ಜನ ಮುಹೂರ್ತ ಕೇಳಲು ಬರುವುದಿಲ್ಲ. "ಜೋಯಿಸ್ರೇ, ಕಣ್ಣು ಕುಯ್ಯೋವಾಗ ನೋಯ್ತದಾ?" ಎಂದು ಕೇಳಲು ಬರುತ್ತಾರೆ. ನೋಯುವುದಿಲ್ಲ ಎಂದರೆ ನಂಬುವುದಿಲ್ಲ, ಒಂಚೂರು ನೋಯುತ್ತದೆ ಎಂದರೆ ಎದ್ದು ಹೋಗುತ್ತಾರೆ. ಅದಕ್ಕೇ ನನಗಾದದ್ದನ್ನು ಇದ್ದ ಹಾಗೆ ಒಂದು ಸಲ ಹೇಳಿಬಿಡುತ್ತೇನೆ. ವೈದ್ಯದ ವಿಚಾರ ಮಾತ್ರ ನನ್ನನ್ನು ಕೇಳಬೇಡಿ. ಅದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು.

ದೇವನಹಳ್ಳಿ ಕಡೆಯ ವಿಜಯಪುರದ ಪಕ್ಕದ ಹಳ್ಳಿಯಲ್ಲಿ ಪಂಚಾಂಗ ಹೇಳಿಕೊಂಡು ಬದುಕುವವನು ನಾನು. ಅದು ಎರಡನೆಯ ಮಹಾಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ಕಣ್ಣು ಮಂಜಾಗುತ್ತಿದ್ದದ್ದನ್ನು ನಾನು ಬಹಳ ದಿನ ದೀಪದ ತಪ್ಪು ಎಂದೇ ತಿಳಿದಿದ್ದೆ. ಒಂದು ದಿನ ಅಕ್ಷರ ಕಾಣದೆ, "ಬತ್ತಿ ಏರಿಸೇ, ಎಣ್ಣೆ ಉಳಿಸಿ ಯಾರಿಗೆ ಕೊಡ್ತೀಯ?" ಎಂದು ಹೆಂಡತಿಯ ಮೇಲೆ ರೇಗಿದೆ. ಅವಳು, "ಏನೂಂದ್ರೆ, ಈಗ ಮಧ್ಯಾಹ್ನ" ಎಂದಳು.

ಅವತ್ತಿನಿಂದ ಮನೆಯಲ್ಲಿ ಶುರುವಾಯಿತು ನೋಡಿ. ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ಕಣ್ಣ ಮೇಲಿಟ್ಟರು. ಹೊನಗೊನ್ನೆ ಸೊಪ್ಪಿನ ಪಲ್ಯ ತಿನ್ನಿಸಿ ತಿನ್ನಿಸಿ ನನ್ನ ಬಾಯೇ ಹಸಿರಾಯಿತು. ಸೂರ್ಯನಮಸ್ಕಾರ ಮಾಡಿದೆ, ಸೊಂಟ ಹಿಡಿದುಕೊಂಡಿತು. ಪೊರೆ ಮಾತ್ರ ತನ್ನ ಪಾಡಿಗೆ ಬೆಳೆಯಿತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಕಡೆಗೆ ಬಾಗಿಲು ಯಾವುದು ಗೋಡೆ ಯಾವುದು ಎನ್ನುವಷ್ಟು ಬೆಳಕು ಉಳಿಯಿತು.

ಹೊಟ್ಟೆಪಾಡು ನಡೆದದ್ದು ಮಗಳು ಶಾರದೆಯಿಂದ. ಅವಳು ನನ್ನ ಪಕ್ಕ ಕೂತು ತಿಥಿ, ವಾರ, ನಕ್ಷತ್ರ ಓದುವಳು. ನಾನು ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಿ ಹೇಳುವೆ. ಜೋಯಿಸರು ಧ್ಯಾನದಲ್ಲಿದ್ದಾರೆ ಎಂದುಕೊಂಡು ಬಂದವರು ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಅಡ್ಡಬೀಳುತ್ತಿದ್ದರು. ಅವರು ಅತ್ತ ಹೋದ ಕೂಡಲೇ ನಾವಿಬ್ಬರೂ ನಗುತ್ತಿದ್ದೆವು. ನಗುವಾಗ ಅವಳ ಮುಖ ಹೇಗಾಗುತ್ತದೋ ನನಗೆ ಗೊತ್ತಿರಲಿಲ್ಲ.

ನನ್ನ ಸಂಕಟ ಅದೇ. ನನ್ನ ಕಣ್ಣು ಚೆನ್ನಾಗಿದ್ದಾಗ ಶಾರದೆ ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ. ಆಮೇಲೆ ಅವಳ ದನಿ ಬೆಳೆಯಿತು, ಹೆಜ್ಜೆಯ ಸದ್ದು ಬದಲಾಯಿತು, ಲಂಗ ಹೋಗಿ ಸೀರೆ ಬಂತು. ನನ್ನೊಳಗಿನ ಮುಖ ಮಾತ್ರ ಕುಂಟೆಬಿಲ್ಲೆಯ ಹುಡುಗಿಯದೇ. ಅವಳ ಮದುವೆಯಲ್ಲಿ ನಾನು ತಡವರಿಸಿಕೊಂಡೇ ಧಾರೆ ಎರೆದೆ. ಬಂದ ಹೆಂಗಸರು, "ಎಷ್ಟು ಲಕ್ಷಣವಾಗಿ ಕಾಣ್ತಾಳೆ ನಿಮ್ಮ ಮಗಳು" ಎಂದಾಗ ನಾನೂ ಹೌದು ಹೌದೆಂದು ತಲೆಯಾಡಿಸಿದೆ. ಹೌದು ಅನ್ನುವುದಕ್ಕೆ ನನಗೇನು ಗೊತ್ತಿತ್ತು? ಅವತ್ತು ಹಿತ್ತಲಿಗೆ ಹೋಗಿ ಒಬ್ಬನೇ ಅತ್ತೆ.

ಅಳಿಯನಿಗೆ ಪುಣೆಯಲ್ಲಿ ಮಿಲಿಟರಿ ಕಛೇರಿಯ ಗುಮಾಸ್ತೆ ಕೆಲಸ. ಮಾಘದಲ್ಲಿ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ, ಒಳ್ಳೆಯ ದಿನ ತಿಳಿಸಿ ಎಂದು ಬರೆದ. ದಿನ ಇಟ್ಟುಕೊಟ್ಟವನು ನಾನೇ. ಆ ದಿನಕ್ಕೆ ಅವನಿಗೆ ರಜ ಮಂಜೂರಾಯಿತು. ಒಂದು ಸಲ ಮಂಜೂರಾದ ರಜವನ್ನು ಹಿಂದೆ ಮುಂದೆ ಮಾಡುವ ಕಾಲ ಅದಲ್ಲ. ಪುಣೆ ಅಂದರೆ ನಮಗೆ ಕಾಶಿಯಷ್ಟೇ ದೂರ. ಹೋದ ಮಗಳು ಮತ್ತೆ ಯಾವಾಗ ಬಂದಾಳೋ! ಅವಳು ಹೊರಡುವುದರೊಳಗೆ ನನಗೆ ಕಣ್ಣು ಬರಬೇಕು. ಒಂದೇ ಒಂದು ಸಲ ಅವಳ ಮುಖ ನೋಡಿಬಿಡಬೇಕು. ಅಷ್ಟೇ ನನಗಿದ್ದ ಆಸೆ.

"ಆಪರೇಷನ್ ಮಾಡಿಸ್ತೀನಿ" ಎಂದೆ.

ಹೆಂಡತಿ ಸೌಟು ಹಿಡಿದುಕೊಂಡೇ ಅಳಲು ಶುರುಮಾಡಿದಳು. "ಇರೋ ಒಂದಿಷ್ಟು ಬೆಳಕೂ ಹೋದ್ರೆ? ನಿಮ್ಮ ಸೋದರಮಾವನಿಗೆ ಏನಾಯ್ತು, ಮರೆತ್ರಾ?"

ಮರೆತಿರಲಿಲ್ಲ. ಊರೂರು ಸುತ್ತುತ್ತ ಪೊರೆ ತೆಗೆಯುವವನೊಬ್ಬ ನಮ್ಮ ಸೋದರಮಾವನ ಕಣ್ಣಿಗೆ ಸೂಜಿ ಹಾಕಿದ್ದ. ಮಾವ ಎರಡು ದಿನ ಲೋಕವನ್ನೆಲ್ಲ ನೋಡಿ, ಮೂರನೆಯ ದಿನ ಕೀವಾಗಿ, ಆ ಕಣ್ಣನ್ನೇ ಕಳೆದುಕೊಂಡ. ಆದರೆ ನನಗೆ ಅವನ ಕೀವು ನೆನಪಾಗುತ್ತಿರಲಿಲ್ಲ. ಅವನು ನೋಡಿದ ಎರಡು ದಿನವೇ ನೆನಪಾಗುತ್ತಿತ್ತು.

ಪುಷ್ಯಮಾಸದ ಚಳಿಯಲ್ಲಿ ನಾನೂ ಶಾರದೆಯೂ ದೊಡ್ಡಬಳ್ಳಾಪುರಕ್ಕೆ ಹೊರಟೆವು. ಪೆಟ್ರೋಲ್ ಇಲ್ಲದ್ದಕ್ಕೆ ಆಗ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ದೇವನಹಳ್ಳಿ ದಾಟಿದ ಮೇಲೆ ಏರಿನಲ್ಲಿ ಎಲ್ಲರೂ ಇಳಿದು ತಳ್ಳಬೇಕಾಯಿತು. ನಾನೂ ಇಳಿದೆ. "ಜೋಯಿಸ್ರೇ, ನೀವು ಬಸ್ಸು ತಳ್ತಾ ಇಲ್ಲ, ನನ್ನ ತಳ್ತಾ ಇದ್ದೀರಿ" ಎಂದು ಯಾರೋ ಕೂಗಿದರು. ನನ್ನ ಮಡಿ ಅಂತೂ ಅಲ್ಲಿಗೇ ಮುಗಿಯಿತು.

ಆ ಕಣ್ಣಾಸ್ಪತ್ರೆಯ ಹೆಸರು ಬೇಡ. ಊರಾಚೆ ಒಂದು ಹೆಂಚಿನ ಕಟ್ಟಡ, ಮುಂದೆ ಹೊಂಗೆಮರ, ಎದುರಿಗೆ ಛತ್ರ. ಗಂಡಸರ ಕೋಣೆಯಲ್ಲಿ ಆರೇ ಮಂಚ. ಡಾಕ್ಟರು ಬೆಂಗಳೂರಿನಿಂದ ಸೋಮವಾರ ಬೆಳಗಿನ ರೈಲಿಗೆ ಬರುವರು, ಸಂಜೆಯ ರೈಲಿಗೆ ಹೋಗುವರು. ಬಂದವರೇ ಮೊದಲು ಎರಡು ವಾರವೋ ಮೂರು ವಾರವೋ ಮಲಗಿದ್ದವರ ಕಟ್ಟು ಬಿಚ್ಚುವರು, ಆಮೇಲೆ ಎಷ್ಟು ಮಂಚ ಖಾಲಿಯೋ ಅಷ್ಟು ಜನರಿಗೆ ಆಪರೇಷನ್ ಮಾಡುವರು. ಉಳಿದವರು ಜಗುಲಿಯ ಮೇಲೆ ಕಾಯಬೇಕು. ನಾವು ರಾತ್ರಿ ಛತ್ರದಲ್ಲಿ ಮಲಗಿ, ಬೆಳಗಾದರೆ ಜಗುಲಿಗೆ ಬಂದು ಕೂರುತ್ತಿದ್ದೆವು.

ಜಗುಲಿಯೇ ಒಂದು ಊರು. ಸೂಲಿಬೆಲೆ ಕಡೆಯವರು, ಹೊಸಕೋಟೆಯವರು, ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆದು ಕಣ್ಣು ಸವೆಸಿಕೊಂಡವರು. ಎಲ್ಲರೂ ಕುರುಡರೇ ಆದ್ದರಿಂದ ಯಾರಿಗೂ ಯಾರ ಮುಲಾಜೂ ಇರಲಿಲ್ಲ. ಒಬ್ಬರ ಚೊಂಬಿಗೆ ಇನ್ನೊಬ್ಬರು ಕೈ ಹಾಕುವುದು, ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದು, ಬೈಯುವುದು, ನಗುವುದು. ನಾನು ಜೋಯಿಸ ಎಂದು ಗೊತ್ತಾದದ್ದೇ ತಡ, ನನ್ನ ಸುತ್ತ ಜನ ಸೇರಿದರು. ಒಳಗೆ ಮಂಚದ ಮೇಲಿದ್ದವರೂ ತಮ್ಮ ಮನೆಯವರನ್ನು ಕಳಿಸಿ ಕೇಳಿಸುತ್ತಿದ್ದರು. ಕಾಣದ ಊರಲ್ಲಿ ನನಗೂ ಒಂದು ಬೆಲೆ ಬಂದದ್ದು ಸುಳ್ಳಲ್ಲ. ಹಿಗ್ಗಿನಿಂದಲೇ ಹೇಳುತ್ತಿದ್ದೆ.

ಮೊದಲ ಸೋಮವಾರ ಒಂದೂ ಮಂಚ ಖಾಲಿಯಾಗಲಿಲ್ಲ. ಕಟ್ಟು ಬಿಚ್ಚಿಸಿಕೊಂಡವರು "ಬುಧವಾರ ಹೋಗ್ತೀವಿ" ಎಂದು ಅಲ್ಲೇ ಕೂತರು. ಡಾಕ್ಟರು ರೇಗಿಕೊಂಡು ಬರಿಗೈಯಲ್ಲಿ ರೈಲು ಹತ್ತಿದರು. ಬುಧವಾರ ಅವರೆಲ್ಲ ಹೊರಟುಹೋದರು, ಮಂಚ ಖಾಲಿ ಬಿದ್ದವು. ಆದರೆ ಡಾಕ್ಟರು ಬರುವುದು ಸೋಮವಾರ. ಡಾಕ್ಟರಿದ್ದ ದಿನ ಮಂಚವಿಲ್ಲ, ಮಂಚವಿದ್ದ ದಿನ ಡಾಕ್ಟರಿಲ್ಲ!

ಎರಡನೆಯ ಸೋಮವಾರ ಆ ಖಾಲಿ ಮಂಚಗಳು ನನಗಿಂತ ಮೊದಲು ಬಂದು ಕಾದಿದ್ದವರ ಪಾಲಾದವು. ಅವತ್ತು ಕಟ್ಟು ಬಿಚ್ಚಿಸಿಕೊಂಡವರು ಎದ್ದಿದ್ದರೆ ನನ್ನ ಸರದಿ ಹತ್ತಿರವಾದರೂ ಬರುತ್ತಿತ್ತು. ಅವರೂ ಏಳಲಿಲ್ಲ. ಬುಧವಾರ ಖಾಲಿಯಾಗುವ ಅವರ ಮಂಚಗಳು ಮುಂದಿನ ಸೋಮವಾರ ನನಗಿಂತ ಮುಂದಿದ್ದವರಿಗೇ ಸರಿಹೋಗುತ್ತವೆ. ಇನ್ನೊಂದು ಸೋಮವಾರ ತಪ್ಪಿದರೆ ಕಟ್ಟು ಬಿಚ್ಚುವ ಹೊತ್ತಿಗೆ ಶಾರದೆ ಪುಣೆಯಲ್ಲಿರುತ್ತಾಳೆ. "ಎಂಥ ಜನ ಇವರು! ವಾಸಿಯಾದ ಮೇಲೂ ಆಸ್ಪತ್ರೆ ಮಂಚಕ್ಕೆ ಅಂಟಿಕೊಂಡು ಕೂತಿದ್ದಾರಲ್ಲ, ಬುದ್ಧಿ ಬೇಡವಾ?" ಎಂದು ಕೂಗಾಡಿದೆ.

ಒಳಗೆ ಸಿಸ್ಟರಮ್ಮನೂ ಕೂಗಾಡುತ್ತಿದ್ದರು. ಆ ಆಸ್ಪತ್ರೆ ನಡೆಯುತ್ತಿದ್ದದ್ದೇ ಅವರ ಗಂಟಲಿನ ಬಲದಿಂದ. ಸೂಲಿಬೆಲೆಯ ಪಿಳ್ಳಪ್ಪ ಎಂಬ ರೈತನನ್ನು ಹಿಡಿದುಕೊಂಡಿದ್ದರು.

"ಕಣ್ಣು ವಾಸಿಯಾಗಿದೆ, ಹೋಗಯ್ಯ ಅಂದ್ರೆ ಹೋಗಲ್ವಲ್ಲ! ಹಿಂದೆಲ್ಲ ಸೋಮವಾರ ಸುಮ್ನೆ ಎದ್ದು ಹೋಗ್ತಿದ್ರು. ಈಗೇನು ಬಂದಿದೆ ನಿಮಗೆಲ್ಲ?"

"ಓಗ್ಬಾರ್ದು ಕಣಮ್ಮ. ಸೋಮವಾರ ಮೂಡ್ಲು ದಿಕ್ಕಿಗೆ ಶೂಲೆ ಐತಂತೆ. ನಮ್ಮೂರು ಮೂಡ್ಲಾಗೈತೆ. ಇವತ್ತು ಓದ್ರೆ ಬಂದ್ ಕಣ್ಣು ಮತ್ತೆ ಓಯ್ತದೆ."

"ಯಾರಯ್ಯ ಹೇಳಿದ್ದು?"

"ಅಲ್ಲವ್ರಲ್ಲ, ಜಗುಲಿ ಮ್ಯಾಲೆ, ಜೋಯಿಸ್ರು. ಬೋ ತಿಳ್ದವ್ರು."

ಅಯ್ಯೋ ನನ್ನ ಕರ್ಮವೇ! ಹೇಳಿದ್ದು ನಾನೇ. ಯಾರು ಬಂದು "ಸ್ವಾಮಿ, ಸೋಮವಾರ ಊರಿಗೆ ಓಗ್ಬೌದಾ?" ಎಂದರೂ, ಸೋಮವಾರ ಶನಿವಾರ ಮೂಡಣ ಶೂಲೆ, ಮಂಗಳವಾರ ಪ್ರಯಾಣ ಸಲ್ಲದು, ಬುಧವಾರ ಹೊರಡಿ ಎಂದು ಬಾಯಿ ತಾನಾಗಿ ಹೇಳುತ್ತಿತ್ತು. ಬರುವವರೆಲ್ಲ ಮೂಡಲ ಕಡೆಯ ಊರಿನವರೇ. ಅವರು ಬಿಡದೆ ಕೂತಿದ್ದ ಮಂಚ ನನ್ನದೇ ಎಂಬುದು ಈ ತಲೆಗೆ ಹೊಳೆದೇ ಇರಲಿಲ್ಲ.

ಸಿಸ್ಟರಮ್ಮ ನನ್ನ ಮುಂದೆ ಬಂದು ನಿಂತರು. ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ಆಯಾಸದ ದನಿಯಲ್ಲಿ, "ಅಲ್ಲ ಸ್ವಾಮಿ, ನಿಮಗೆ ಕಣ್ಣು ಬೇಕೋ ಬೇಡವೋ?" ಎಂದರು.

"ಬೇಕು ತಾಯಿ. ಮಗಳ ಮುಖ ನೋಡಬೇಕು. ಅವಳು ಹೊರಟುಹೋಗ್ತಾಳೆ" ಎಂದೆ. ಪಕ್ಕದಲ್ಲಿದ್ದ ಶಾರದೆ ನನ್ನ ತೋಳು ಹಿಡಿದುಕೊಂಡಳು. ನಾನು ಯಾಕೆ ಇಷ್ಟು ಹಟ ಹಿಡಿದು ಬಂದಿದ್ದೇನೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಮನೆಯಲ್ಲಿ, ಪಂಚಾಂಗ ಓದಲು ಕಣ್ಣು ಬೇಕು ಎಂದಷ್ಟೇ ಹೇಳಿದ್ದೆ.

ಈಗ ಶೂಲೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಹೋದ ವಾರ ಇತ್ತು, ಈ ವಾರ ಇಲ್ಲ ಎಂದರೆ ನನ್ನನ್ನೇ ಹುಚ್ಚ ಎಂದಾರು. ಇದ್ದ ಶೂಲೆಯನ್ನು ಇಲ್ಲ ಎನ್ನುವುದಕ್ಕೆ ನನ್ನ ನಾಲಿಗೆಯೂ ಏಳದು. ಅವತ್ತೆಲ್ಲ ಯೋಚನೆ ಮಾಡಿದೆ. ಹೊಳೆದಾಗ ನನ್ನ ಹಣೆಗೆ ನಾನೇ ಹೊಡೆದುಕೊಂಡೆ. ಪ್ರಸ್ಥಾನ! ದಿನ ಚೆನ್ನಾಗಿಲ್ಲದಿದ್ದರೂ ಹೊರಡಲೇಬೇಕಾದವರು ಮುಂಚೆಯೇ ಒಂದು ಒಳ್ಳೆಯ ದಿನ ತಮ್ಮ ಗಂಟನ್ನು ನೆರೆಮನೆಗೆ ಸಾಗಿಸಿ ಇಡುತ್ತಾರಲ್ಲ, ಅದೇ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಅವನು ಯಾವತ್ತು ಕಾಲ್ತೆಗೆದರೂ ದೋಷವಿಲ್ಲ. ಭಾನುವಾರ ಮೂಡಲಿಗೆ ಶೂಲೆಯಿಲ್ಲ. ಎದುರಿಗೆ ಛತ್ರವಿದೆ.

ಮುಂದಿನ ಭಾನುವಾರ ಸಂಜೆ ಶಾರದೆಯ ಕೈ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಹೋದೆ. "ನಾಳೆ ಯಾರ್ಯಾರ ಕಟ್ಟು ಬಿಚ್ತಾರಪ್ಪ? ನಿಮ್ಮ ಗಂಟು ಕೊಡಿ. ಇವತ್ತೇ ಪ್ರಸ್ಥಾನ ಇಟ್ಟುಬಿಡೋಣ."

"ಕಣ್ಗೇನೂ ಆಗಕಿಲ್ವಾ ಸ್ವಾಮಿ?" ಎಂದ ಒಬ್ಬ.

"ಆದರೆ ನಮ್ಮೂರಿಗೆ ಬಂದು ನನ್ನ ಜುಟ್ಟು ಹಿಡ್ಕೋ."

ಕಂಬಳಿ, ಚೊಂಬು, ಒಂದು ಹಿಡಿ ಅಕ್ಕಿ, ಅರಿಸಿನದ ಕೊನೆ, ಎಲ್ಲ ಕಟ್ಟಿದ ಗಂಟುಗಳನ್ನು ಶಾರದೆ ಛತ್ರಕ್ಕೆ ಹೊತ್ತಳು. ಸಿಸ್ಟರಮ್ಮ ಶಿಲುಬೆ ಕಟ್ಟಿಕೊಂಡ ಕ್ರೈಸ್ತರು. ಬಾಗಿಲಲ್ಲಿ ನಿಂತು ನೋಡಿದರು, ಆಮೇಲೆ ಬಂದು ತಾವೂ ಒಂದು ಗಂಟು ಎತ್ತಿಕೊಂಡರು. "ಗಂಟು ಊರಿಗೆ ಹೋದ ಲೆಕ್ಕ ಆದ್ರೆ, ಗಂಟಿನ ಯಜಮಾನನಿಗೆ ನಾಳೆ ಇಲ್ಲಿ ಮಂಚ ಯಾಕೆ ಅಂತ ನಾನೂ ಕೇಳಬಹುದು" ಎಂದು ನಕ್ಕರು. ಈಗಲೂ ಅಲ್ಲಿ ಭಾನುವಾರ ಸಂಜೆ ಗಂಟು ಸಾಗಿಸುತ್ತಾರಂತೆ. ಸೋಮವಾರ ಮಂಚ ಸಿಕ್ಕುತ್ತದಂತೆ.

ಅವತ್ತು ಛತ್ರದಲ್ಲಿ ಊಟವಾದ ಮೇಲೆ ಶಾರದೆ ಮೆಲ್ಲಗೆ ಹೇಳಿದಳು. ನಮ್ಮಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ.

"ಅಣ್ಣ, ನಾಳೆ ನಿಮಗೆ ಚಂದ್ರಾಷ್ಟಮ."

ನನ್ನ ರಾಶಿಯಿಂದ ಎಂಟನೆಯ ಮನೆಯಲ್ಲಿ ಚಂದ್ರ. ಅಂಥ ದಿನ ಶುಭಕಾರ್ಯಕ್ಕೆ ಕೈ ಹಾಕಬೇಡಿ, ಮೈಗೆ ಕತ್ತಿ ತಾಗಿಸಿಕೊಳ್ಳಬೇಡಿ ಎಂದು ಊರಿಗೆಲ್ಲ ಹೇಳುವವನು ನಾನು. ಅದಕ್ಕೆ ಯಾವ ಗಂಟನ್ನು ಎಲ್ಲಿ ಸಾಗಿಸಿದರೂ ಪರಿಹಾರವಿಲ್ಲ.

"ಗೊತ್ತು ಕಣಮ್ಮ" ಎಂದೆ.

"ಮುಂದಿನ ಸೋಮವಾರ ಮಾಡಿಸಿಕೊಂಡ್ರಾಯ್ತು. ನಾನು ಎಲ್ಲಿಗೆ ಹೋಗ್ತೀನಿ, ಮತ್ತೆ ಬರ್ತೀನಿ."

"ಮಲಕ್ಕೋ" ಎಂದೆ. ಭಯವಾಗಿತ್ತು. ಸುಳ್ಳು ಹೇಳಲಾರೆ. ಸೋದರಮಾವನ ಕೀವು ಅವತ್ತು ನೆನಪಾಯಿತು.

ಬೆಳಗ್ಗೆ ಕಟ್ಟು ಬಿಚ್ಚಿಸಿಕೊಂಡವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಡಾಕ್ಟರು, "ಏನು ಸಿಸ್ಟರ್, ಏನು ಮಂತ್ರ ಹಾಕಿದ್ರಿ?" ಎಂದದ್ದು ಕೇಳಿಸಿತು. ನನ್ನನ್ನು ಕರೆದರು. ಕಣ್ಣಿಗೆ ಹನಿ ಹಾಕಿದರು, ಕಣ್ಣು ಮರಗಟ್ಟಿತು. ನೋವಿಲ್ಲ, ಆದರೆ ಯಾರೋ ಒಳಗೆ ಕೈಯಾಡಿಸುತ್ತಿದ್ದಾರೆಂದು ಗೊತ್ತಾಗುತ್ತದೆ. ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ. ಬಾಯಲ್ಲಿ ಯಾವ ಮಂತ್ರವೂ ಬರಲಿಲ್ಲ. ಶಾರದೆ, ಶಾರದೆ ಎನ್ನುತ್ತಿದ್ದೆನಂತೆ. ಸರಸ್ವತಿಯ ಜಪ ಎಂದು ಡಾಕ್ಟರು ತಿಳಿದರಂತೆ.

ಆಮೇಲಿನ ಎರಡು ವಾರವನ್ನು ಶತ್ರುವಿಗೂ ಬೇಡ ಎನ್ನುತ್ತೇನೆ. ಎರಡೂ ಕಣ್ಣಿಗೆ ಕಟ್ಟು. ತಲೆಯ ಎರಡೂ ಪಕ್ಕ ಮರಳಿನ ಚೀಲ. ಹೊರಳುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಜೋರಾಗಿ ನಗುವ ಹಾಗೂ ಇಲ್ಲ. ಬೆನ್ನು ಉರಿಯುತ್ತಿತ್ತು. ಸೀನು ಬಂದರೆ ಸಾವೇ ಬಂದ ಹಾಗೆ ಹೆದರುತ್ತಿದ್ದೆ. ಮೊದಲ ದಿನ ಸಿಸ್ಟರಮ್ಮ ಚಮಚದಲ್ಲಿ ಗಂಜಿ ಕುಡಿಸಿದಾಗ ಬಾಯಿ ಬಿಗಿಹಿಡಿದೆ. "ಬಾಯಿ ತೆಗೀರಿ ಸ್ವಾಮಿ, ನಿಮ್ಮ ದೇವರ ಹತ್ರ ನಾನೇ ಮಾತಾಡ್ತೀನಿ" ಎಂದರು. ತೆಗೆದೆ. ಎರಡನೆಯ ದಿನದಿಂದ ಅವರ ಹೆಜ್ಜೆ ಸದ್ದಿಗೆ ಬಾಯಿ ತಾನಾಗಿ ತೆರೆಯುತ್ತಿತ್ತು.

ಶಾರದೆ ಪಕ್ಕದಲ್ಲಿ ಕೂತು, ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಹೊಂಗೆಯ ಎಲೆ ಉದುರಿದ್ದು, ಆಚೆ ಮಾಕಳಿ ಬೆಟ್ಟದ ಮೇಲೆ ಮಂಜು ಕೂತದ್ದು, ಛತ್ರದ ಮುಂದೆ ಕರು ಓಡಿದ್ದು. ನನಗೆ ಬೇಕಾಗಿದ್ದದ್ದು ಅದಲ್ಲ. ನೀನು ಹೇಗಿದ್ದೀಯ ಹೇಳು, ಎನ್ನಬೇಕೆನ್ನಿಸುತ್ತಿತ್ತು. ಅದನ್ನು ಕೇಳುವುದು ಹೇಗೆ?

ಕಟ್ಟು ಬಿಚ್ಚುವ ಸೋಮವಾರ ಬಂತು. ಅದೇ ವಾರ ಅಳಿಯ ಬರುವವನಿದ್ದ. ನನ್ನ ಗಂಟು ಭಾನುವಾರವೇ ಛತ್ರ ಸೇರಿತ್ತು. ಡಾಕ್ಟರ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಹತ್ತಿ ತೆಗೆದರು. ಬೆಳಕು ನುಗ್ಗಿತು. ಎಷ್ಟು ಬೆಳಕು! "ಶಾರದೆ, ಮುಂದೆ ಬಾರಮ್ಮ" ಎಂದೆ.

ಒಂದು ಹಸಿರು ಮುಂದೆ ಬಂತು. ಮೇಲೆ ಒಂದು ಕಪ್ಪು, ನಡುವೆ ಮಸುಕಾದ ಬಿಳಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನೀರಲ್ಲಿ ಕಲಸಿದ ರಂಗೋಲಿಯ ಹಾಗೆ.

"ಎಲ್ಲ ಸರಿಯಾಗಿದೆ" ಎಂದರು ಡಾಕ್ಟರು. "ಇನ್ನು ದಪ್ಪ ಕನ್ನಡಕ ಬೇಕು. ಕಣ್ಣು ಮಾಗಲಿ, ಮುಂದಿನ ತಿಂಗಳು ಬನ್ನಿ, ಅಳತೆ ತಗೊಂಡು ಬೆಂಗಳೂರಿಂದ ತರಿಸೋಣ."

ಮುಂದಿನ ತಿಂಗಳು! ಪೊರೆ ತೆಗೆದರೆ ಕಾಣುತ್ತದೆ ಎಂದು ತಿಳಿದಿದ್ದೆ. ಅದರ ಮೇಲೆ ಕನ್ನಡಕವೂ ಬೇಕೆಂದು ಯಾರು ಹೇಳಿದ್ದರು? ಹೇಳಿದ್ದರೇನೋ, ನನ್ನ ಕಿವಿಗೆ ಬಿದ್ದಿರಲಿಲ್ಲ. ಮಗುವಿನ ಹಾಗೆ ಡಾಕ್ಟರ ಕೈ ಹಿಡಿದುಕೊಂಡೆ. "ಸ್ವಾಮಿ, ಇವಳು ಈ ವಾರ ಪುಣೆಗೆ ಹೋಗ್ತಾಳೆ. ಒಂದು ಸಲ ತೋರಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಈಗಲೇ ಕಣ್ಣಿಗೆ ಆಯಾಸ ಮಾಡಬಾರದು" ಎಂದರು. ಸಿಸ್ಟರಮ್ಮ ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು. ಪೆಟ್ಟಿಗೆ ತೆಗೆದ ಸದ್ದಾಯಿತು. ಡಾಕ್ಟರು ಒಂದು ದಪ್ಪ ಗಾಜನ್ನು ತಂದು ನನ್ನ ಕಣ್ಣ ಮುಂದೆ ಹಿಡಿದರು. "ಒಂದೇ ನಿಮಿಷ."

ಕಂಡದ್ದು ಎರಡು ಅಂಗೈ. ಶಾರದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ತನ್ನನ್ನು ನೋಡುವುದು ಅವಳಿಗೆ ಅಭ್ಯಾಸ ತಪ್ಪಿಹೋಗಿತ್ತು.

"ಕೈ ತೆಗಿಯಮ್ಮ."

"ಹಾಗೆಲ್ಲ ನೋಡಬೇಡಿ ಅಣ್ಣ" ಎಂದು ಬೆರಳುಗಳ ಹಿಂದೆ ಬಿಕ್ಕಿದಳು.

ಗಾಜು ಸರಿಯಿತು. ಡಾಕ್ಟರು, "ಆಯ್ತು, ಜನ ಕಾಯ್ತಾ ಇದ್ದಾರೆ. ಮುಂದಿನವರು!" ಎಂದರು. ಏಳದೆ ವಿಧಿಯಿರಲಿಲ್ಲ. ಎಷ್ಟು ಜನರನ್ನು ನಾನೇ ಎಬ್ಬಿಸಿ ಕಳಿಸಿದ್ದೆ. ಎದ್ದೆ. ಬಾಗಿಲ ಕಡೆಗೆ ತಡವರಿಸಿದೆ.

ಬಾಗಿಲಲ್ಲಿ ಮುಂದಿನವನು ನಿಂತಿದ್ದ. ಮಾಕಳಿ ಕಡೆಯ ಕುರಿಯವನಂತೆ, ಕಂಬಳಿ ವಾಸನೆ ಬರುತ್ತಿತ್ತು. ಅವನಿಗೆ ನಮ್ಮ ಮುಖವೂ ಕಾಣದು, ನಮ್ಮ ಸಮಾಚಾರವೂ ತಿಳಿಯದು. ಅಳುವ ದನಿ ಕೇಳಿಸಿರಬೇಕು. "ನೋಡ್ಲಿ ಬುಡಿ ಸ್ವಾಮಿ" ಎಂದ. "ನಾನ್ ಇನ್ನೊಂದ್ ಗಳಿಗೆ ಕಾಯ್ತೀನಿ. ಇಷ್ಟ್ ದಿನ ಕಾದಿಲ್ವಾ."

ಡಾಕ್ಟರು ನನ್ನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ ಗಾಜು ಹಿಡಿದರು. ಶಾರದೆ ಕೈ ಇಳಿಸಿದಳು.

ಅಳುವಿನಿಂದ ಕೆಂಪಾದ ಮೂಗು. ಕೆನ್ನೆಗೆ ಅಂಟಿಕೊಂಡ ಕೂದಲು. ಎಡಹುಬ್ಬಿನ ಮೇಲೆ ಒಂದು ಸಣ್ಣ ಕಲೆ. ಅದು ಯಾವಾಗ ಆಯಿತೋ, ಯಾರೂ ನನಗೆ ಹೇಳಿರಲಿಲ್ಲ. ಕಣ್ಣ ಕೆಳಗೆ ಕಪ್ಪು, ಎರಡು ವಾರ ನನ್ನ ಪಕ್ಕ ನಿದ್ದೆಗೆಟ್ಟದ್ದು. ಹೆಂಗಸರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಳುತ್ತಲೇ ನಕ್ಕಳು. ನಗುವಾಗ ಹೀಗಿರುತ್ತಾಳೆ ನನ್ನ ಮಗಳು. ಇಷ್ಟು ವರ್ಷ ಈ ಮುಖ ನನ್ನ ಎದುರಿಗೇ ಇತ್ತಲ್ಲ!

ಆ ವಾರವೇ ಹೋದಳು. ನಾನೇ ಇಟ್ಟ ಮುಹೂರ್ತದಲ್ಲಿ, ಬಾಗಿಲಿಗೆ ಬಂದು ನಿಂತ ನನ್ನ ಕಣ್ಣಿಗೆ ಒಂದು ಬಣ್ಣವಾಗಿ ಬಂದು, ನಮಸ್ಕಾರ ಮಾಡಿ, ಬಣ್ಣವಾಗಿಯೇ ದೂರ ಹೋದಳು. ಕನ್ನಡಕ ಆಮೇಲೆ ಬಂತು. ಈಗ ಜಗುಲಿಯ ಇರುವೆ ಸಾಲು ಕಾಣುತ್ತದೆ, ಹೆಂಡತಿಯ ತಲೆ ನರೆತದ್ದು ಕಾಣುತ್ತದೆ, ಪಂಚಾಂಗದ ಸಣ್ಣ ಅಕ್ಷರವೂ ಕಾಣುತ್ತದೆ. ಪಕ್ಕದಲ್ಲಿ ಓದುವವಳಿಲ್ಲ. ದಿನಕ್ಕೆ ಹತ್ತು ಸಲ ಕನ್ನಡಕ ಒರೆಸಿಕೊಂಡು ದಾರಿ ನೋಡುತ್ತೇನೆ.

ಮೊನ್ನೆ ಅಳಿಯನ ಕಾಗದ ಬಂತು. ಶಾರದೆ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಬೇಕು, ಯಾವ ದಿನ ಹೊರಟರೆ ಒಳ್ಳೆಯದು ಮಾವ, ದಿನ ನೋಡಿ ತಿಳಿಸಿ ಎಂದು ಕೇಳಿದ್ದ. ಅವತ್ತೇ ನನ್ನ ಕೈಯಾರೆ ಉತ್ತರ ಬರೆದು ಹಾಕಿದೆ. ಯಾವತ್ತು ಟಿಕೀಟು ಸಿಕ್ಕುತ್ತದೋ ಅವತ್ತೇ ಹೊರಡಿಸಪ್ಪ.